‘ಅ’ ಎಂಬ ಒಂದಕ್ಷರ: ನಿಷೇಧಪದವೊಂದರ ಚರಿತ್ರೆ

ನಂಬಿಕೆಯಿಲ್ಲದವನನ್ನು ಸೂಚಿಸಲು ಇಂಗ್ಲಿಷಿನಲ್ಲಿ ಮೂರು ಪದಗಳುಂಟು: ಅನ್‌ಬಿಲೀವರ್, ಇನ್ಫಿಡೆಲ್, ಏಥಿಯಿಸ್ಟ್. ಮೊದಲನೆಯದರ ‘ಅನ್’ ಆ ಭಾಷೆಯ ಸ್ವಂತದ್ದು. ಎರಡನೆಯದರ ‘ಇನ್’ ಲ್ಯಾಟಿನ್ ಮೂಲದ್ದು. ಮೂರನೆಯದರ ಮೊದಲಲ್ಲಿರುವುದು ಗ್ರೀಕಿನ ‘ಅ’. ಭಾಷಾಶಾಸ್ತ್ರಜ್ಞರು ಈ ಮೂರನ್ನೂ ಒಂದೇ ಇಂಡೋ-ಯುರೋಪಿಯನ್ ಮೂಲಕ್ಕೆ ಒಯ್ಯುತ್ತಾರೆ. ಸಂಸ್ಕೃತದಿಂದ ನಾವು ಪಡೆದ ‘ಅವಿಶ್ವಾಸ’, ‘ಅನಂತ’ ಎಂಬ ಪದಗಳ ಆದಿಯ ನಿಷೇಧವೂ ಅದೇ ಕುಲದ್ದು. ಅಚ್ಚಗನ್ನಡವಾದರೋ ‘ನಂಬದವನು’, ‘ದೇವರಿಲ್ಲದವನು’ ಎಂದು ನಿಷೇಧವನ್ನು ಪದದ ಮುಂದಿಡದೆ ಒಳಗೇ ಇಡುತ್ತದೆ.

ಏಥಿಯಿಸ್ಟ್ ಎಂಬ ಪದ ಇಂಗ್ಲಿಷಿಗೆ ಬಂದದ್ದು 16ನೆಯ ಶತಮಾನದಲ್ಲಿ, ಫ್ರೆಂಚಿನ ಮೂಲಕ. ಅದರ ಹಿಂದಿರುವ ಗ್ರೀಕ್ ಪದ ‘ಅಥೆಯೊಸ್’, ಅಂದರೆ ದೇವರಿಲ್ಲದವನು. ಹೊಸ ಒಡಂಬಡಿಕೆಯಲ್ಲಿ ಈ ಪದ ಕಾಣಿಸುವುದು ಒಂದೇ ಒಂದು ಸಾರಿ: ಎಫೆಸದವರಿಗೆ ಬರೆದ ಪತ್ರಿಕೆ 2:12ರಲ್ಲಿ, ಅನ್ಯಜನರ ಹಿಂದಿನ ಸ್ಥಿತಿಯನ್ನು ಕುರಿತು.

ಆದರೆ ಎರಡನೆಯ ಶತಮಾನದಲ್ಲಿ ಇದೇ ಪದ ಕ್ರೈಸ್ತರ ಮೇಲಣ ಆರೋಪವಾಯಿತು. ವಿಗ್ರಹವಿಲ್ಲದೆ ಆರಾಧಿಸುತ್ತಿದ್ದ, ನಗರದೇವತೆಗಳಿಗೆ ಬಲಿಯರ್ಪಿಸದ ಈ ಜನರು ರೋಮನ್ ಸಮಾಜಕ್ಕೆ ದೇವರಿಲ್ಲದವರಾಗಿ ಕಂಡರು. ಸ್ಮುರ್ನದ ಸಭಾಧ್ಯಕ್ಷನಾದ ವೃದ್ಧ ಪೊಲಿಕಾರ್ಪನಿಗೆ, ದೇವರಿಲ್ಲದವರು ತೊಲಗಲೆಂದು ಹೇಳಿ ತನ್ನವರನ್ನು ನಿರಾಕರಿಸುವಂತೆ ಅಧಿಪತಿಯು ಆಜ್ಞಾಪಿಸಿದನು. ಅವನು ಕ್ರೀಡಾಂಗಣದಲ್ಲಿ ನೆರೆದಿದ್ದ ಜನಸಮೂಹದ ಕಡೆಗೆ ಕೈ ಬೀಸಿ ಅದೇ ಮಾತನ್ನಾಡಿದನೆಂದು ಅವನ ರಕ್ತಸಾಕ್ಷಿತ್ವದ ವೃತ್ತಾಂತವು ಹೇಳುತ್ತದೆ. ಅದೇ ಶತಮಾನದ ಜಸ್ಟಿನನು ತನ್ನ ಮೊದಲನೆಯ ಸಮರ್ಥನಗ್ರಂಥದಲ್ಲಿ ಆರೋಪವನ್ನು ಅರ್ಧ ಒಪ್ಪಿಕೊಂಡನು: ಆ ದೇವತೆಗಳ ವಿಷಯದಲ್ಲಿ ನಾವು ದೇವರಿಲ್ಲದವರೇ ಹೌದು, ಸತ್ಯದೇವರ ವಿಷಯದಲ್ಲಿ ಅಲ್ಲ ಎಂಬುದು ಅವನ ವಾದದ ಸಾರ.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ‘ಅ’ಕಾರವು ತಾನಾಗಿ ಏನನ್ನೂ ಹೇಳದು, ತನ್ನ ಮುಂದಿರುವುದನ್ನು ಅಲ್ಲಗಳೆಯುತ್ತದೆ, ಅಷ್ಟೇ. ಆದುದರಿಂದ ‘ಅಥೆಯೊಸ್’ ಎಂಬ ಪದದ ಅರ್ಥವು, ಅದನ್ನು ನುಡಿಯುವವನು ಯಾವ ದೇವರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾನೆ ಎಂಬುದರ ಮೇಲೆ ನಿಂತಿದೆ. ಇದೇ ಅಕ್ಷರ ಸ್ತೋತ್ರಕ್ಕೂ ಒದಗಿತು. 1 ತಿಮೊಥೆಯ 1:17ರಲ್ಲಿ ದೇವರನ್ನು ಅಕ್ಷಯನೆಂದೂ ಅದೃಶ್ಯನೆಂದೂ ಕೊಂಡಾಡುವ ಎರಡು ಗ್ರೀಕ್ ಪದಗಳೂ ಈ ‘ಅ’ಕಾರದಿಂದಲೇ ಆರಂಭವಾಗುತ್ತವೆ. ಅಲ್ಲಿ ನಿಷೇಧವು ಕೊರತೆಯನ್ನಲ್ಲ, ಮಿತಿಯಿಲ್ಲದಿರುವಿಕೆಯನ್ನು ಸಾರುತ್ತದೆ.

ಒಮ್ಮೆ ದೇವರಿಲ್ಲದವರೆನಿಸಿಕೊಂಡ ಸಭೆಯ ವಾರಸುದಾರರು ನಾವು. ನೆರೆಯವನನ್ನು ನಾಸ್ತಿಕನೆಂದು ಕರೆಯುವ ಮುನ್ನ, ಅವನು ಯಾವ ದೇವರನ್ನು ನಿರಾಕರಿಸುತ್ತಿದ್ದಾನೆಂದು ಕೇಳುವ ಹೊಣೆ ನಮಗಿದೆ. ಅವನು ತಳ್ಳಿಹಾಕಿದ್ದು ನಾವೂ ತಳ್ಳಿಹಾಕಬೇಕಾದ ವಿಗ್ರಹವೇ ಆಗಿರಬಹುದು.