ವಾಂತಿ-ಭೇದಿ: ಒ.ಆರ್.ಎಸ್. ಕಲಸಿ ಕೊಡುವ ಸರಿಯಾದ ಕ್ರಮ



ಮಳೆಗಾಲದಲ್ಲಿ ನಮ್ಮ ಕಾಸರಗೋಡಿನ ಕಡೆ ಬಾವಿಗೆ ಕಲಕು ನೀರು ಇಳಿದು ವಾಂತಿ-ಭೇದಿ ಕಾಣಿಸಿಕೊಳ್ಳುವುದು ಹೊಸದಲ್ಲ. ಆರೋಗ್ಯ ಕೇಂದ್ರದ ಮಲಯಾಳ ಫಲಕದಲ್ಲಿ ‘ವಯರಿಳಕ್ಕಂ’ ಎಂದಿದ್ದರೆ ಅದು ಭೇದಿ. ‘ನಿರ್ಜಲೀಕರಣಂ’ ಎಂದರೆ ಮೈಯ ನೀರು ಬತ್ತುವುದು. ಮಲಯಾಳ ಓದಲು ಬಾರದ ಹಿರಿಯ ಸದಸ್ಯರು ಕೇಳಿದ್ದರಿಂದ ಈ ಮಾಹಿತಿ.

ಭೇದಿಯಲ್ಲಿ ಜೀವಕ್ಕೆ ಅಪಾಯ ಬರುವುದು ಹೆಚ್ಚಾಗಿ ನೀರು ಮತ್ತು ಉಪ್ಪಿನಂಶ ಹೊರಟುಹೋಗುವುದರಿಂದ. ಬರೀ ನೀರು ಕುಡಿದರೆ ಉಪ್ಪು ಮರಳುವುದಿಲ್ಲ. ಕರುಳು ಗ್ಲುಕೋಸನ್ನು ಹೀರುವಾಗ ಅದರ ಜೊತೆ ಸೋಡಿಯಂ ಒಳಗೆ ಹೋಗುತ್ತದೆ, ಅದರ ಹಿಂದೆ ನೀರು. ಕಾಲರಾ ಬಂದರೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬೊಂಗಾವ್‌ನಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲುಕೋಸ್ ಕಲಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು ರೋಗಿಗಳ ಮನೆಯವರಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರ ಪದ್ಮವಿಭೂಷಣ ಬಂತು.

ತಪ್ಪುವುದು ಅಳತೆಯಲ್ಲಿ. ದೊಡ್ಡ ಪೊಟ್ಟಣ 1 ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ, ಮೇಲೆ ಬರೆದದ್ದನ್ನು ನೋಡಿಯೇ ಕಲಸಬೇಕು. ನಾನೇ ಒಮ್ಮೆ ಲೀಟರಿನ ಪೊಟ್ಟಣದ ಅರ್ಧವನ್ನು ಒಂದು ಲೋಟಕ್ಕೆ ಸುರಿದು ಮೊಮ್ಮಗನಿಗೆ ಕುಡಿಸಲು ಹೊರಟಿದ್ದೆ. “ಅಣ್ಣಾ, ಉಪ್ಪು ಹೆಚ್ಚಾದರೆ ಮಗುವಿಗೆ ಇನ್ನೂ ಕಷ್ಟ” ಎಂದು ಆಶಾ ಕಾರ್ಯಕರ್ತೆ ಲೋಟ ಕಸಿದುಕೊಂಡರು. ಮೂವತ್ತು ವರ್ಷ ಕಡತದ ಲೆಕ್ಕ ನೋಡಿದ ಗುಮಾಸ್ತನಿಗೆ ಇದು ಹೊಳೆಯಲಿಲ್ಲ!

ಕುದಿಸಿ ಆರಿಸಿದ ನೀರು ಬಳಸಿ, ಕಲಸಿದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಿ. ಪೊಟ್ಟಣ ಸಿಗದಿದ್ದರೆ 1 ಲೀಟರಿಗೆ ಸಣ್ಣ ಚಮಚದಲ್ಲಿ ಸಮವಾಗಿ ಗೀರಿದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಗಂಜಿತಿಳಿಯೂ ಒಳ್ಳೆಯದು. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಇದೆ, ಸೋಡಿಯಂ ಕಡಿಮೆ, ಒ.ಆರ್.ಎಸ್.ಗೆ ಅದು ಬದಲಿಯಲ್ಲ. ಅಂಗಡಿಯ ಸಿಹಿ ಪಾನೀಯಗಳಂತೂ ಬೇಡವೇ ಬೇಡ, ಭೇದಿ ಹೆಚ್ಚುತ್ತದೆ.

ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., 10 ವರ್ಷದವರೆಗೆ 100ರಿಂದ 200 ಮಿ.ಲೀ., ದೊಡ್ಡವರಿಗೆ ಬೇಕಾದಷ್ಟು. ವಾಂತಿಯಾದರೆ ನಿಲ್ಲಿಸಬೇಡಿ, 10 ನಿಮಿಷ ಬಿಟ್ಟು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಿ. ಎದೆಹಾಲು, ಊಟ ನಡೆಯಲಿ. ಆರೋಗ್ಯ ಕೇಂದ್ರದಲ್ಲಿ ಮಕ್ಕಳಿಗೆ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತರೂ ಹೇಳಿದಷ್ಟು ದಿನ ಮುಗಿಸಬೇಕು. ಭೇದಿ ಕಟ್ಟುವ ಗುಳಿಗೆ ಮಕ್ಕಳಿಗೆ ಕೂಡದು.

ಕಣ್ಣು ಗುಳಿಬಿದ್ದು, ನಾಲಿಗೆ ಒಣಗಿ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಆರು ಗಂಟೆಯಾದರೂ ಮೂತ್ರ ಬಾರದಿದ್ದರೆ, ಮಂಪರು, ರಕ್ತಭೇದಿ, ಜೋರು ಜ್ವರ ಇದ್ದರೆ ಅಥವಾ ಕುಡಿಯಲಾಗದಿದ್ದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕುಡಿಸುತ್ತಿರಿ. ಹೃದಯ, ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವ ಹಿರಿಯರ ವಿಷಯದಲ್ಲಿ ಮೊದಲೇ ವೈದ್ಯರನ್ನು ಕೇಳಿಕೊಳ್ಳಿ. ಆಂಬುಲೆನ್ಸಿಗೆ 108, ಕೇರಳ ಆರೋಗ್ಯ ಇಲಾಖೆಯ ‘ದಿಶಾ’ ಸಹಾಯವಾಣಿಗೆ 1056.

– ಕಾರ್ಯದರ್ಶಿ