ಬಿಸಿಲಿಗೆ ನಿಲ್ಲೋ ಲೇಬಲ್ಲಿನ ಕಥೆ

ನಮ್ಮ ಗೊಟ್ಟಿಗೆರೆ ಕಡೆ ಈಗ ಹೊಲಕ್ಕಿಂತ ಲೇಔಟೇ ಜಾಸ್ತಿ. ಉಳಿದಿರೋ ನಾವು ನಾಲ್ಕು ಜನ ಉಪ್ಪಿನಕಾಯಿ, ಗಾಣದ ಎಣ್ಣೆ, ಜೇನುತುಪ್ಪ ಬಾಟಲಿಗೆ ತುಂಬಿ ಬನ್ನೇರುಘಟ್ಟ ರಸ್ತೆ ಅಪಾರ್ಟ್‌ಮೆಂಟುಗಳಿಗೆ ಕೊಡ್ತಿದ್ದೀವಿ. ಏಪ್ರಿಲ್ ಬಂದ್ರೆ ಎಲ್ಲರದೂ ಒಂದೇ ದೂರು: ಲೇಬಲ್ ಸುರುಟಿಕೊಳ್ತದೆ, ಅಕ್ಷರ ಮಾಸ್ತದೆ. ಈ ದೂರಿಗೆ ಒಂದು ಚರಿತ್ರೆನೇ ಇದೆ.

ಹಿಂದೆ ಬಿಸಿಲಿಗೆ ನಿಂತದ್ದು ಎನಾಮೆಲ್ ಬೋರ್ಡು. ಕಬ್ಬಿಣದ ತಗಡಿಗೆ ಗಾಜಿನ ಪುಡಿ ಬಳಿದು ಸುಮಾರು 800 ಡಿಗ್ರಿ ಶಾಖದಲ್ಲಿ ಸುಡ್ತಿದ್ರು. ಬಣ್ಣ ಗಾಜಿನೊಳಗೇ ಸೇರಿರೋದ್ರಿಂದ ಮಾಸೋದಿಲ್ಲ. ಆದ್ರೆ ಬಾಟಲಿಗೆ ತಗಡು ಹಚ್ಚೋಕಾಗುತ್ತಾ? ಅಲ್ಲಿ ಕಾಗದ, ಗೋಂದೇ ಗತಿ. 1935ರಲ್ಲಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಸ್ಟಾಂಟನ್ ಏವರಿ ಅನ್ನೋರು ಹಿಂದಿನ ಹಾಳೆ ಕಿತ್ತು ಅಂಟಿಸೋ ಸ್ಟಿಕ್ಕರ್ ಲೇಬಲ್ ತಯಾರಿಸೋಕೆ ಶುರು ಮಾಡಿದ್ರು. ಕೆಲಸ ಸುಲಭವಾಯ್ತು, ಆದ್ರೆ ಕಾಗದ, ಅಂಟು, ಶಾಯಿ ಮೂರೂ ಶಾಖ ತಡೀಬೇಕಾಯ್ತು. ಒಂದು ಸೋತ್ರೂ ಲೇಬಲ್ ಸೋತ ಹಾಗೇ.

ಇದಕ್ಕೆ ಬೇರೆ ದಾರಿ ನಮ್ಮ ಮೈಸೂರಲ್ಲೇ ಇದೆ. 1961ರಲ್ಲಿ ಶುರುವಾದ ರಕ್ಷಣಾ ಆಹಾರ ಸಂಶೋಧನಾಲಯ ಸೈನಿಕರಿಗಾಗಿ ಫ್ರಿಜ್ ಇಲ್ಲದೇ ಕೆಡದ ಊಟದ ಪೊಟ್ಟಣದ ಮೇಲೆ ಕೆಲಸ ಮಾಡ್ತು. ಪೊಟ್ಟಣ ಮುಚ್ಚಿದ ಮೇಲೆ ಸುಮಾರು 121 ಡಿಗ್ರಿ ಹಬೆಯಲ್ಲಿ ಬೇಯಬೇಕು. ಕಾಗದದ ಲೇಬಲ್ ಅಲ್ಲಿ ಉಳಿಯಲ್ಲ. ಹಾಗಾಗಿ ಹೊರಗೆ ಪಾಲಿಯೆಸ್ಟರ್, ನಡುವೆ ಅಲ್ಯೂಮಿನಿಯಂ ಹಾಳೆ, ಒಳಗೆ ಪಾಲಿಪ್ರೊಪಿಲೀನ್. ಅಕ್ಷರವನ್ನ ಪಾಲಿಯೆಸ್ಟರಿನ ಒಳಮೈಗೆ ಅಚ್ಚು ಹಾಕ್ತಾರೆ. 1924ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಎಂಟಿಆರ್ ಆ ಸಂಶೋಧನಾಲಯದ ತಂತ್ರಜ್ಞಾನ ಪಡೆದೇ ಬಿಸಿಬೇಳೆಬಾತನ್ನ ಪೊಟ್ಟಣದಲ್ಲಿ ತಂದಿದ್ದು. ಲೇಬಲ್ ಅಂಟಿಸೋಕಾಗದ ಕಡೆ ಪೊಟ್ಟಣವೇ ಲೇಬಲ್ ಆಯ್ತು.

ಇನ್ನೊಂದು ಕಥೆ ಜೀವದ್ದು. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ವಿಷ ಸಾಗಣೆಯಲ್ಲಿ ಸೋರಿ ಗೋಧಿ ಹಿಟ್ಟಿಗೆ ಸೇರಿ ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಬಂದದ್ದೇ 1968ರ ಕೀಟನಾಶಕ ಕಾಯ್ದೆ, 1971ರ ನಿಯಮಗಳು. ಲೇಬಲ್ ಸುಲಭಕ್ಕೆ ಕೀಳಬಾರದು, ವಿಷದ ಮಟ್ಟ ತೋರಿಸೋ ಕೆಂಪು, ಹಳದಿ, ನೀಲಿ, ಹಸಿರು ಗುರುತು ಇರಬೇಕು, ವಿಷಕ್ಕೆ ಮದ್ದೇನು ಅಂತ ಬರೆದಿರಬೇಕು ಅಂತ ಅದರಲ್ಲೇ ಇದೆ. 2013ರಲ್ಲಿ ಬಿಹಾರದ ಶಾಲೆಯೊಂದರ ಬಿಸಿಯೂಟದ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಸೇರಿ 23 ಮಕ್ಕಳು ಹೋದರು. ವಿಷದ ಡಬ್ಬಿ, ಊಟದ ಡಬ್ಬಿ ಬೇರೆ ಅಂತ ಹೇಳೋದು ಲೇಬಲ್ಲೊಂದೇ. ಮೋಟರ್ ರೂಮಿನ ಶೀಟಿನ ಕೆಳಗೆ ಅದು ಮಾಸಿದ್ರೆ, ಯಾರಾದ್ರೂ ಕುಡಿದಾಗ ಡಾಕ್ಟರಿಗೆ ಏನಂತ ತೋರಿಸ್ತೀರಿ?

ಈಗ ನಮ್ಮ ಕೆಲಸಕ್ಕೆ ಬರೋಣ. ಬಸ್ ಟಿಕೆಟ್ ಥರದ ಥರ್ಮಲ್ ಕಾಗದ ಬೇಡ. ಅದರಲ್ಲಿ ಅಕ್ಷರ ಮೂಡೋದೇ ಶಾಖದಿಂದ, ಹೆಚ್ಚು ಶಾಖ ತಾಗಿದ್ರೆ ಇಡೀ ಚೀಟಿನೇ ಕಪ್ಪಾಗ್ತದೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೆ, ಪಾಲಿಯೆಸ್ಟರ್ 250ರ ಮೇಲೆ ಕರಗೋದು. ಎಣ್ಣೆ, ಜೇನಿಗೆ ಮೊದಲನೆಯದೇ ಸಾಕು. ಬಿಸಿಯಾಗೇ ತುಂಬೋ ಜಾಮ್, ಸಾಸ್ ಆದ್ರೆ ಬಾಟಲಿ ಆರಲಿ, ಪಸೆ ಒರೆಸಿ, ಆಮೇಲೆ ಅಂಟಿಸಿ. ಪ್ರಿಂಟರ್ ರಿಬ್ಬನ್ ಮೇಣದ್ದು ಬೇಡ, ರೆಸಿನ್‌ದು ಕೇಳಿ. ಸಾವಿರ ಪ್ರಿಂಟ್ ಹಾಕಿಸೋ ಮುಂಚೆ ಒಂದು ಬಾಟಲಿನ ಒಂದು ವಾರ ಶೀಟಿನ ಕೆಳಗಿಟ್ಟು ನೋಡಿ.

ಔಷಧಿ ಡಬ್ಬಿನ ಬಿಸಿಲು ಬೀಳದ ಕಡೆ, ಬೀಗ ಹಾಕಿ ಇಡಿ. ಲೇಬಲ್ ಮೇಲೆ ಅಗಲದ ಪಾರದರ್ಶಕ ಟೇಪ್ ಹಾಕಿ. ಖಾಲಿ ಡಬ್ಬಿನ ಮಾತ್ರ ಅಡುಗೆಮನೆ ಹತ್ತಿರಕ್ಕೂ ಬಿಡಬೇಡಿ.