ಅವನ್ ಇಲ್ಲದೆಯೂ ಕೋಳಿ ಪಾಸ್ತಾ ಕ್ಯಾಸರೋಲ್

ಕ್ಯಾಸರೋಲ್ ಎಂಬುದು ಫ್ರೆಂಚ್ ಪದ. ಮೊದಲು ಅದು ಪಾತ್ರೆಯ ಹೆಸರು. ಆ ಪಾತ್ರೆಯಲ್ಲೇ ಬೇಯಿಸಿ ಬಡಿಸುವ ಅಡುಗೆಗೂ ಅದೇ ಹೆಸರು ಬಂತು. ಪಾಸ್ತಾ, ಕೋಳಿ ಮಾಂಸ, ಹಾಲಿನ ಬಿಳಿ ಸಾಸ್ ಸೇರಿಸಿ ಬೇಕ್ ಮಾಡುವ ಈ ತಿನಿಸು ಹೋಟೆಲಿಗೆ ಮಾತ್ರ ಸೇರಿದ್ದೆಂದು ನಾವು ತಿಳಿಯಬೇಕಿಲ್ಲ. ರಾಯಬಾಗ ತಾಲ್ಲೂಕಿನ ಮುಗಳಖೋಡದಂತಹ ಊರಿನಲ್ಲೂ, ದಪ್ಪ ತಳದ ಕಡಾಯಿ ಇದ್ದರೆ ಸಾಕು, ಮನೆಯಲ್ಲೇ ಮಾಡಬಹುದು.

ಪಾಸ್ತಾ ಮತ್ತು ಶಾವಿಗೆ
ಒಳ್ಳೆಯ ಪಾಸ್ತಾ ಗಟ್ಟಿ ಕಾಳಿನ ಡ್ಯೂರಂ ಗೋಧಿಯ ರವೆಯಿಂದ ತಯಾರಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಶಾವಿಗೆಗೆ ಹೆಸರಾದ ಜವೆ ಗೋಧಿ, ಅಂದರೆ ಸದಕ, ಇದರ ಹತ್ತಿರದ ನೆಂಟ. ಧಾರವಾಡ ಕೃಷಿ ವಿಶ್ವವಿದ್ಯಾಲಯವು ಡಿಡಿಕೆ 1009, ಡಿಡಿಕೆ 1025 ಮುಂತಾದ ಸದಕ ತಳಿಗಳನ್ನು ಹೊರತಂದಿದೆ. ಆದರೆ ಈ ಅಡುಗೆಗೆ ಎಳೆ ಶಾವಿಗೆ ಬೇಡ, ಸಾಸಿನಲ್ಲಿ ಮುದ್ದೆಯಾಗುತ್ತದೆ. ಕೊಳವೆಯಾಕಾರದ ಪಾಸ್ತಾ ಒಳ್ಳೆಯದು.

ಬೇಕಾಗುವ ಪದಾರ್ಥಗಳು (4 ಜನರಿಗೆ)
ಪಾಸ್ತಾ 200 ಗ್ರಾಂ, ಎಲುಬಿಲ್ಲದ ಕೋಳಿ ಮಾಂಸ 300 ಗ್ರಾಂ, ಹಾಲು ಅರ್ಧ ಲೀಟರ್, ಬೆಣ್ಣೆ 4 ಚಮಚ, ಮೈದಾ 3 ಚಮಚ, ಈರುಳ್ಳಿ 1, ದೊಣ್ಣೆಮೆಣಸಿನಕಾಯಿ 1, ಬೆಳ್ಳುಳ್ಳಿ 4 ಎಸಳು, ತುರಿದ ಚೀಸ್ 100 ಗ್ರಾಂ, ಬ್ರೆಡ್ ಪುಡಿ ಅರ್ಧ ಬಟ್ಟಲು, ಕರಿಮೆಣಸಿನ ಪುಡಿ, ಉಪ್ಪು ರುಚಿಗೆ.

ಮಾಡುವ ವಿಧಾನ
1. ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಪಾಸ್ತಾವನ್ನು ಪೊಟ್ಟಣದಲ್ಲಿ ಹೇಳಿದ ಸಮಯಕ್ಕಿಂತ 2 ನಿಮಿಷ ಕಡಿಮೆ ಬೇಯಿಸಿ ಬಸಿಯಿರಿ. ಉಳಿದ ಬೇಯುವಿಕೆ ಸಾಸಿನಲ್ಲಿ ಆಗುತ್ತದೆ.

2. ಒಂದು ಚಮಚ ಬೆಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಹುರಿದು, ಸಣ್ಣಗೆ ಹೆಚ್ಚಿದ ಮಾಂಸ ಸೇರಿಸಿ ಪೂರ್ತಿ ಬೇಯಿಸಿರಿ. ಒಳಗೆ ಗುಲಾಬಿ ಬಣ್ಣ ಉಳಿಯಬಾರದು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ಸೆಲ್ಸಿಯಸ್ ತೋರಬೇಕು. ಕಡಾಯಿಯ ಶಾಖ ಎಲ್ಲೆಡೆ ಸಮನಾಗಿರದು. ಆದ್ದರಿಂದ ಹಸಿ ಮಾಂಸವನ್ನು ಬೇಕ್ ಮಾಡುವಾಗ ಬೇಯಲಿ ಎಂದು ಬಿಡಬೇಡಿ. ಕೊನೆಗೆ ದೊಣ್ಣೆಮೆಣಸಿನಕಾಯಿ ಹಾಕಿರಿ.

3. ಎರಡು ಚಮಚ ಬೆಣ್ಣೆಯಲ್ಲಿ ಮೈದಾವನ್ನು ಸಣ್ಣ ಉರಿಯಲ್ಲಿ ಹುರಿಯಿರಿ, ಬಣ್ಣ ಬದಲಾಗಬಾರದು. ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಗಂಟಾಗದಂತೆ ತಿರುವಿರಿ. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚಿರುವುದರಿಂದ ಬೇರೆ ಕೆನೆ ಬೇಡ. ಸಾಸ್ ತೆಳ್ಳಗೇ ಇರಲಿ, ಪಾಸ್ತಾ ಅದನ್ನು ಹೀರಿಕೊಳ್ಳುತ್ತದೆ. ಕರಿಮೆಣಸು, ಉಪ್ಪು, ಅರ್ಧ ಚೀಸ್ ಬೆರೆಸಿರಿ.

4. ಎಲ್ಲವನ್ನೂ ಕಲಸಿ, ಬೆಣ್ಣೆ ಸವರಿದ ಸ್ಟೀಲ್ ಪಾತ್ರೆಗೆ ಹಾಕಿ, ಉಳಿದ ಚೀಸ್ ಉದುರಿಸಿರಿ.

5. ಅವನ್ ಇದ್ದರೆ ಮೇಲೆ ಬ್ರೆಡ್ ಪುಡಿ, ಉಳಿದ ಬೆಣ್ಣೆ ಹಾಕಿ 180 ಡಿಗ್ರಿಯಲ್ಲಿ 25 ನಿಮಿಷ ಇಡಿರಿ. ಇಲ್ಲದಿದ್ದರೆ ದಪ್ಪ ಕಡಾಯಿಯಲ್ಲಿ ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ. ನಂತರ ಪಾತ್ರೆ ಇಟ್ಟು ಮುಚ್ಚಿ ಸಣ್ಣ ಉರಿಯಲ್ಲಿ ಅರ್ಧ ತಾಸು ಬಿಡಿ. ಕಡಾಯಿಯಲ್ಲಿ ಮೇಲ್ಭಾಗ ಕೆಂಪಗಾಗದು. ಬ್ರೆಡ್ ಪುಡಿಯನ್ನು ಬೆಣ್ಣೆಯಲ್ಲಿ ಬೇರೆಯಾಗಿ ಹುರಿದು, ಇಳಿಸಿದ ಮೇಲೆ ಉದುರಿಸಿದರೆ ಗರಿಗರಿ ಸಿಗುತ್ತದೆ.

ಗಮನಿಸಿರಿ
ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ತೊಳೆದರೆ ನೀರಿನ ಹನಿಗಳ ಜೊತೆ ರೋಗಾಣುಗಳು ಸುತ್ತಲೂ ಹರಡುತ್ತವೆ. ಅದನ್ನು ಹೆಚ್ಚಿದ ಚಾಕು, ಹಲಗೆ ಮತ್ತು ಕೈಗಳನ್ನು ಸೋಪಿನಿಂದ ತೊಳೆಯಿರಿ. ಹಾಲು, ಮಾಂಸ ಎರಡೂ ಇರುವ ಈ ಅಡುಗೆ ಬೇಗ ಕೆಡುತ್ತದೆ. ಉಳಿದದ್ದನ್ನು 2 ತಾಸಿನೊಳಗೆ ಫ್ರಿಜ್‌ಗೆ ಸೇರಿಸಿರಿ. ಬೇಸಿಗೆಯಲ್ಲಿ ಬಿಸಿಲು 32 ಡಿಗ್ರಿ ಮೀರಿದ ದಿನ 1 ತಾಸಷ್ಟೇ. ಫ್ರಿಜ್ ಇಲ್ಲದ ಮನೆಯವರು, ಕರೆಂಟ್ ಬಹಳ ಹೊತ್ತು ಹೋಗುವ ಊರಿನವರು ಒಂದೇ ಊಟಕ್ಕೆ ಆಗುವಷ್ಟು ಮಾಡಿ, ಮನೆಮಂದಿ ಒಟ್ಟಿಗೆ ಕುಳಿತು ಬಿಸಿಬಿಸಿಯಾಗಿ ಉಣ್ಣುವುದೇ ಲೇಸು.